ಅಗ್ಗದ ಕಟ್ಟು, ಬಾಳುವ ಕಾಣಿಕೆ

(ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಮನೆಗಳ ಜಗಲಿಯಲ್ಲಿ ಕಟ್ಟು ಹಾಕಿಸಿದ ಪಟಗಳ ಸಾಲೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ದೇವರ ಪಟ, ಗತಿಸಿದ ಹಿರಿಯರ ಭಾವಚಿತ್ರ, ಮದುವೆಯ ಜೋಡಿ, ಶಾಲೆಯ ಗುಂಪುಚಿತ್ರ. ಮನೆಯವರು ಮಳೆಗಾಲಕ್ಕೆ ಮುನ್ನ ಅವನ್ನು ಇಳಿಸಿ, ಒರೆಸಿ, ಮತ್ತೆ ತೂಗುಹಾಕುತ್ತಾರೆ. ಅದೇ ಮನೆಯ ಕಪಾಟಿನಲ್ಲಿ ಇನ್ನೊಂದು ಬಗೆಯ ಕಟ್ಟುಗಳಿರುತ್ತವೆ. ಸನ್ಮಾನ, ಗೃಹಪ್ರವೇಶ, ಬೀಳ್ಕೊಡುಗೆಗಳಲ್ಲಿ ಬಂದ ಅವುಗಳ ಹೊದಿಕೆಯನ್ನು ಕೂಡ ಕೆಲವೊಮ್ಮೆ ಯಾರೂ ಬಿಚ್ಚಿರುವುದಿಲ್ಲ. ಕೊಟ್ಟವರು ಯಾರೆಂಬುದು ಮರೆತ ಮೇಲೆ ಅವು ತಿಪ್ಪೆಗೋ ಬಚ್ಚಲೊಲೆಗೋ ಹೋಗುತ್ತವೆ. ಈ ಎರಡರ ನಡುವಿನ ಅಂತರ ಬೆಲೆಯದಲ್ಲ. ಮೊದಲನೆಯದು ಯಾರದು, ಎಲ್ಲಿಯದು ಎಂಬುದು ಮನೆಯವರಿಗೆ ಗೊತ್ತಿದೆ. ಎರಡನೆಯದರ ಬಗ್ಗೆ ಹೇಳಲು ಏನೂ ಇಲ್ಲ.

ಅಗ್ಗದ ಕಟ್ಟೊಂದನ್ನು ತಂದು, ಸ್ವಂತ ಕೈಯಿಂದ ಅಲಂಕರಿಸಿ, ಉಡುಗೊರೆಯಾಗಿ ಕೊಡುವ ಕೆಲಸವು ಈ ಅಂತರವನ್ನು ಅಳಿಸಬಲ್ಲದು. ಆದರೆ ಅಲಂಕಾರವೆಂದರೆ ಅಂಗಡಿಯ ಮಿನುಗನ್ನು ಇನ್ನಷ್ಟು ಮೆತ್ತುವುದಲ್ಲ. ಬಳಸಿದ ವಸ್ತು ಎಲ್ಲಿಂದ ಬಂತು, ಅದನ್ನು ಮಾಡಿದ ಕೈ ಯಾವುದು, ಕಟ್ಟು ಮುರಿದ ದಿನ ಅದು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಕಾಣಿಕೆಯೇ ಮಲೆನಾಡಿಗೆ ಒಪ್ಪುವಂಥದು.

ಪಟವನ್ನು ಮನೆಯದಾಗಿಸಿದ ಬಗೆ

ಕೈಯಿಂದ ಅಲಂಕರಿಸುವ ಈ ರೂಢಿ ಹೊಸದೇನೂ ಅಲ್ಲ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದ ಬಳಿಕ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಸಾಮಾನ್ಯರ ಮನೆಗೂ ತಲುಪಿದವು. ಪಟವನ್ನು ತಂದವರಲ್ಲಿ ಅನೇಕರು ಅದನ್ನು ಇದ್ದ ಹಾಗೆಯೇ ತೂಗುಹಾಕಲಿಲ್ಲ. ದೇವಿಯ ಸೀರೆಗೆ ನಿಜವಾದ ಬಟ್ಟೆಯ ತುಂಡನ್ನೂ ಅಂಚಿಗೆ ಜರಿಯನ್ನೂ ಕೊರಳಿಗೆ ಮಣಿಗಳನ್ನೂ ಅಂಟಿಸಿ, ಆಮೇಲೆ ಗಾಜಿನೊಳಗೆ ಇಟ್ಟರು. ಒಂದೇ ಅಚ್ಚಿನಿಂದ ಬಂದ ಅಸಂಖ್ಯ ಪಟಗಳಲ್ಲಿ ಒಂದು ತಮ್ಮ ಮನೆಯ ದೇವರಾದದ್ದು ಹೀಗೆ. ಇಂದಿನ ಅಗ್ಗದ ಕಟ್ಟು ಕೂಡ ಕಾರ್ಖಾನೆಯಿಂದ ಒಂದೇ ರೂಪದಲ್ಲಿ ಬರುವ ವಸ್ತು. ಅದನ್ನು ಒಬ್ಬರಿಗೆಂದೇ ಮಾಡಿದ ಕಾಣಿಕೆಯಾಗಿಸುವುದು ಕೈಕೆಲಸ.

ಅಂಗಡಿಯ ಕಟ್ಟಿನೊಳಗೆ ಏನಿದೆ?

ಕಟ್ಟು ಕೊಳ್ಳುವ ಮೊದಲು ಅದು ಯಾವುದರಿಂದ ಆಗಿದೆ ಎಂಬುದನ್ನು ತಿಳಿಯಬೇಕು. ಪೇಟೆಯಲ್ಲಿ ದೊರೆಯುವ ಹೊಳೆಯುವ ಚಿನ್ನದ ಬಣ್ಣದ ಅಂಚುಪಟ್ಟಿಗಳಲ್ಲಿ ಬಹಳಷ್ಟು ಮರದವಲ್ಲ. ಅವು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು; ಥರ್ಮಾಕೋಲ್ ಆಗುವುದೂ ಅದೇ ವಸ್ತುವಿನಿಂದ. ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಬಚ್ಚಲೊಲೆಗೆ ಹಾಕಿದರೆ ಕಪ್ಪು ಹೊಗೆಯೊಂದಿಗೆ ವಿಷಾನಿಲಗಳು ಹೊರಡುತ್ತವೆ. ಒಲೆಯ ಮುಂದೆ ಕುಳಿತವರ ಉಸಿರಿಗೆ ಸೇರುವುದು ಅದೇ ಹೊಗೆ. ಇನ್ನೊಂದು ಬಗೆಯ ಕಟ್ಟು ಮರದ ಹುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯದು. ಅದರ ಅಂಟು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಆಧಾರಿತವಾದದ್ದು. ಮಲೆನಾಡಿನ ಜಡಿಮಳೆಯ ತೇವ ತಾಗಿದರೆ ಆ ಹಲಗೆ ಉಬ್ಬಿ ಬಾಯಿಬಿಡುತ್ತದೆ. ಬಣ್ಣ ಹಚ್ಚದ ಸಾದಾ ಮರದ ಪಟ್ಟಿಯ ಕಟ್ಟು ಮೂರನೆಯದು. ನೋಡಲು ಬಡವಾಗಿ ಕಂಡರೂ ಕೈಕೆಲಸಕ್ಕೆ ಅದೇ ಉತ್ತಮ. ಇವೆಲ್ಲಕ್ಕಿಂತ ಅಗ್ಗವಾದದ್ದು ಅಟ್ಟದ ಮೇಲೆಯೇ ಇರಬಹುದು: ಪಟ ಹಾಳಾಗಿ, ಗಾಜು ಗಟ್ಟಿಯಿರುವ ಹಳೆಯ ಕಟ್ಟು.

ಅಲಂಕಾರದ ಸಾಮಗ್ರಿಯ ವಿಷಯವೂ ಹೀಗೆಯೇ. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ. ಮಕ್ಕಳಿಗೆ ಪ್ರಿಯವಾದ ಮಿನುಗುಪುಡಿಯೆಂಬುದು ಬಹುಪಾಲು ಲೋಹದ ಲೇಪವಿರುವ ಸೂಕ್ಷ್ಮ ಪ್ಲಾಸ್ಟಿಕ್ ಚೂರು. ಕೈ ತೊಳೆದ ನೀರಿನೊಡನೆ ಅದು ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಮರಳಿ ಹೆಕ್ಕಲು ಬರುವುದಿಲ್ಲ. ಐರೋಪ್ಯ ಒಕ್ಕೂಟವು 2023ರ ಅಕ್ಟೋಬರ್ 17ರಿಂದ ಇಂತಹ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟವನ್ನು ನಿರ್ಬಂಧಿಸಿತು. ನದಿಗಳು ಹುಟ್ಟುವ ನೆಲದಲ್ಲಿ ವಾಸಿಸುವ ಜನ ಈ ಪುಡಿಯನ್ನು ಬಿಡಲು ಕಾನೂನಿಗಾಗಿ ಕಾಯಬೇಕಾಗಿಲ್ಲ.

ಬಿದ್ದದ್ದು, ಉಳಿದದ್ದು, ಕಾಡಿಗೆ ಬೇಡವಾದದ್ದು

ಹಾಗಾದರೆ ಯಾವುದರಿಂದ ಅಲಂಕರಿಸಬೇಕು? ಮಲೆನಾಡಿನಲ್ಲಿ ಇದಕ್ಕೆ ಮೂರು ಮೂಲಗಳಿವೆ.

ಮೊದಲನೆಯದು ತೋಟದಲ್ಲಿ ಬಿದ್ದದ್ದು. ಅಡಿಕೆ ಹಾಳೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಚರ್ಮದಂತೆ ಮೆತ್ತಗಾಗುತ್ತದೆ. ಅದನ್ನು ಹರವಿ, ಮೇಲೆ ಹಲಗೆ ಮತ್ತು ಕಲ್ಲು ಹೇರಿ ಒಣಗಿಸಿದರೆ ಚಪ್ಪಟೆಯಾದ ಪಟ್ಟಿ ಸಿಗುತ್ತದೆ. ಕಟ್ಟಿನ ಅಗಲಕ್ಕೆ ಕತ್ತರಿಸಿ, ಮೂಲೆಗಳಲ್ಲಿ ಓರೆಯಾಗಿ ಕೂಡಿಸಿ ಅಂಟಿಸಿದರೆ ಯಾವ ಬಣ್ಣವೂ ಇಲ್ಲದೆ ಅದರ ಗೆರೆಗಳೇ ಸಾಕೆನಿಸುವಷ್ಟು ಚೆಲುವಾಗಿರುತ್ತದೆ. ಹಾಳೆ ಪೂರ್ತಿ ಒಣಗಿರಬೇಕೆಂಬುದೊಂದೇ ನಿಯಮ. ಹಸಿ ಉಳಿದರೆ ಆಷಾಢದ ಹೊತ್ತಿಗೆ ಬೂಸ್ಟು ಬರುವುದು ಖಂಡಿತ. ಬಾಳೆಯ ನಾರನ್ನು ಹೊಸೆದು ಅಂಚಿಗೆ ಸುತ್ತಬಹುದು. ತೆಂಗಿನ ಗರಟೆಯ ಚೂರುಗಳನ್ನು ಉಜ್ಜಿ ಮೂಲೆಗೆ ಕೂರಿಸಬಹುದು.

ಎರಡನೆಯದು ಮನೆಯಲ್ಲಿ ಉಳಿದದ್ದು. ಸವೆದ ನೂಲಿನ ಸೀರೆಯ ಗಟ್ಟಿ ಅಂಚು, ಒಡೆದ ಗಾಜಿನ ಬಳೆಯ ಚೂರು, ಅಂಗಿಯಿಂದ ಬಿದ್ದ ಗುಂಡಿ, ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ. ಅಜ್ಜಿಯ ಸೀರೆಯ ಅಂಚನ್ನು ಸುತ್ತಿದ ಕಟ್ಟಿನಲ್ಲಿ ಅಜ್ಜಿಯದೇ ಭಾವಚಿತ್ರವನ್ನಿಟ್ಟು ಮೊಮ್ಮಗಳು ಕೊಟ್ಟರೆ, ಅದಕ್ಕೆ ಸಾಟಿಯಾದ ವಸ್ತು ಯಾವ ಪೇಟೆಯಲ್ಲೂ ದೊರೆಯದು.

ಮೂರನೆಯದು ಕಾಡಿಗೆ ಬೇಡವಾದದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಲಂಟಾನ ಇಂದು ದೇಶದ ಕಾಡುಗಳ ದೊಡ್ಡ ಪಾಲನ್ನು ಆಕ್ರಮಿಸಿ, ಹುಲ್ಲನ್ನೂ ಮೂಲ ಸಸಿಗಳನ್ನೂ ಅಡಗಿಸುತ್ತಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಬಿದಿರು ಬೆತ್ತಗಳ ಬದಲಿಗೆ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡುತ್ತ ಬಂದಿದ್ದಾರೆ. ಬೆರಳು ಗಾತ್ರದ ನಾಲ್ಕು ಕಡ್ಡಿಗಳನ್ನು ಮೂಲೆಯಲ್ಲಿ ನಾರಿನಿಂದ ಬಿಗಿದರೆ ಫೋಟೋಕಟ್ಟು ಸಿದ್ಧ. ಕಡಿದ ಬುಡದಿಂದ ಲಂಟಾನ ಮತ್ತೆ ಚಿಗುರುತ್ತದೆಂಬುದನ್ನು ಮರೆಯಬಾರದು. ನಾಲ್ಕು ಕಡ್ಡಿ ಕಡಿದ ಮಾತ್ರಕ್ಕೆ ಕಾಡು ಉಳಿಯಿತೆಂದು ಹೇಳಲಾಗದು. ಆದರೆ ಕಟ್ಟಿಗಾಗಿ ಕಾಡಿನ ಬೇಕಾದ ಗಿಡವೊಂದನ್ನು ಕಡಿಯಲಿಲ್ಲವೆಂಬ ಸಮಾಧಾನವಾದರೂ ಇರುತ್ತದೆ.

ನೈಸರ್ಗಿಕವಾದುದೆಲ್ಲ ನಿರಪಾಯವಲ್ಲ

ಇಲ್ಲಿ ಎಚ್ಚರಿಕೆಯ ಮಾತುಗಳನ್ನು ಹೇಳಲೇಬೇಕು. ‘ನೈಸರ್ಗಿಕ ಅಲಂಕಾರ’ ಎಂಬ ಹೆಸರಿನಲ್ಲಿ ಕಾಡಿನಿಂದ ಕಂಡದ್ದನ್ನೆಲ್ಲ ಕಿತ್ತು ತರುವ ಅಭ್ಯಾಸವು ಪ್ಲಾಸ್ಟಿಕ್ಕಿನಷ್ಟೇ ಕೆಟ್ಟದ್ದು. ಮರದ ತೊಗಟೆಯ ಮೇಲೆ ಬೂದುಹಸಿರಾಗಿ ಹರಡಿರುವ ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅಂಗೈಯಗಲದ ಒಂದು ತೇಪೆಯ ಹಿಂದೆ ಅನೇಕ ವರ್ಷಗಳ ಬೆಳವಣಿಗೆ ಇರುತ್ತದೆ. ಜೀವಂತ ಮರದ ತೊಗಟೆಯನ್ನು ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಪಾಚಿ, ಸೀತಾಳೆ ದಂಡೆ, ಚಿಟ್ಟೆಯ ರೆಕ್ಕೆ ಇವು ಯಾವುವೂ ಕಟ್ಟಿನ ಅಂಚಿಗೆ ಬರತಕ್ಕವಲ್ಲ. ಹಕ್ಕಿಯ ಗರಿಯನ್ನೂ ಬಿದ್ದಲ್ಲಿಯೇ ಬಿಡುವುದು ಲೇಸು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದ ಜಾರಿಯಲ್ಲಿದೆ.

ಎಲ್ಲಕ್ಕಿಂತ ಮುಖ್ಯವಾಗಿ ಗುಲಗಂಜಿಯ ವಿಷಯದಲ್ಲಿ ಎಚ್ಚರ ಬೇಕು. ಕೆಂಪು ಮೈಗೆ ಕಪ್ಪು ಚುಕ್ಕೆಯಿಟ್ಟಂತಿರುವ ಈ ಬೀಜದಷ್ಟು ಅಂದವಾದ ಮಣಿ ಇನ್ನೊಂದಿಲ್ಲ. ಅಕ್ಕಸಾಲಿಗರು ಚಿನ್ನ ತೂಗಲು ಬಳಸಿದ್ದೂ ಇದನ್ನೇ. ಆದರೆ ಅದರೊಳಗಿರುವ ಅಬ್ರಿನ್ ಎಂಬುದು ಅತ್ಯಂತ ಪ್ರಬಲವಾದ ವಿಷ. ಗಟ್ಟಿ ಸಿಪ್ಪೆ ಇಡಿಯಾಗಿರುವವರೆಗೆ ಅಪಾಯ ಕಡಿಮೆ. ಸೂಜಿಯಿಂದ ತೂತು ಮಾಡಿದಾಗ ಅಥವಾ ಮಗು ಅಗಿದಾಗ ವಿಷ ಹೊರಬರುತ್ತದೆ. ಕಟ್ಟಿನಿಂದ ಉದುರಿದ ಬೀಜ ತೆವಳುವ ಮಗುವಿನ ಬಾಯಿಗೆ ಹೋಗುವುದು ಒಂದು ಕ್ಷಣದ ಕೆಲಸ. ಆದುದರಿಂದ ಉಡುಗೊರೆಯ ಕಟ್ಟಿಗೆ ಗುಲಗಂಜಿ ಸಲ್ಲದು. ಪುಸ್ತಕ ಕಟ್ಟುವವರು ಹುಳು ಹತ್ತದಿರಲೆಂದು ಮೈದಾ ಅಂಟಿಗೆ ಸೇರಿಸುವ ಮೈಲುತುತ್ತವೂ ವಿಷವೇ. ಮಕ್ಕಳು ಮಾಡುವ ಕೆಲಸದಲ್ಲಿ ಅದನ್ನು ಬಳಸಬಾರದು. ಮರದ ಗೋಂದು ಸಾಕು.

ಗೋಡೆಯ ಚಿತ್ತಾರ ಕಟ್ಟಿನೊಳಗೆ

ಮಲೆನಾಡಿನಲ್ಲಿ ಅಲಂಕಾರವೆಂದೊಡನೆ ನೆನಪಾಗಬೇಕಾದುದು ಹಸೆ ಚಿತ್ತಾರ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ, ಉತ್ತರ ಕನ್ನಡದ ಸಿದ್ದಾಪುರ, ಶಿರಸಿಯ ಕಡೆಗಳಲ್ಲಿ ದೀವರ ಹೆಣ್ಣುಮಕ್ಕಳು ತಲೆಮಾರುಗಳಿಂದ ಬರೆದುಕೊಂಡು ಬಂದ ಕಲೆ ಇದು. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವುದು ಈ ಚಿತ್ತಾರ ಬರೆದ ಹಸೆಗೋಡೆಯ ಮುಂದೆ. ನೆಲಕ್ಕೆ ಕೆಮ್ಮಣ್ಣು, ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಸೀಯುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿನಾರು. ಅಂಗಡಿಯಿಂದ ತರಬೇಕಾದುದು ಏನೂ ಇಲ್ಲ. ಗೆರೆ, ತ್ರಿಕೋನ, ಚೌಕಗಳ ಲೆಕ್ಕದಲ್ಲಿ ತೇರು, ಹಕ್ಕಿ, ಬತ್ತದ ಸಸಿ ಎಲ್ಲವೂ ಮೂಡುತ್ತವೆ.

ಈ ಕಲೆಗೆ ಒದಗಿದ ಕಷ್ಟ ಗೋಡೆಯ ಕಷ್ಟವೇ ಆಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಒಕ್ಕಲೆದ್ದವರಲ್ಲಿ ದೀವರ ಕುಟುಂಬಗಳೂ ಇದ್ದವು. ಗೋಡೆಯನ್ನು ಹೊತ್ತೊಯ್ಯಲು ಬರುವುದಿಲ್ಲ. ಉಳಿದದ್ದು ಹೆಂಗಸರ ಕೈಯಲ್ಲಿದ್ದ ಅಭ್ಯಾಸ ಮಾತ್ರ. ಆಮೇಲೆ ಮಣ್ಣಿನ ಗೋಡೆಯ ಜಾಗಕ್ಕೆ ಸಿಮೆಂಟು ಬಂತು, ಕೆಮ್ಮಣ್ಣಿನ ಜಾಗಕ್ಕೆ ಡಬ್ಬಿಯ ಬಣ್ಣ ಬಂತು, ಮದುವೆಗಳು ಕಲ್ಯಾಣಮಂಟಪಕ್ಕೆ ಹೋದವು. ಬರೆಯಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ. ಬರೆಸುವ ಗೋಡೆಗಳು ಕಡಿಮೆಯಾಗುತ್ತಿವೆ.

ಚಿತ್ತಾರವನ್ನು ಕಟ್ಟಿನೊಳಗೆ ತಂದರೆ ಅದು ಬರಿಯ ಅಲಂಕಾರದ ವಸ್ತುವಾಗಿಬಿಡುವುದಿಲ್ಲವೇ ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಚಿತ್ತಾರ ಗೋಡೆಯಿಂದ ಇಳಿದು ಸಂಚರಿಸಿದ ಉದಾಹರಣೆ ಆ ಸಮುದಾಯದಲ್ಲಿಯೇ ಇದೆ. ಆಶ್ವೀಜ ಮಾಸದ ಭೂಮಿ ಹುಣ್ಣಿಮೆಯಂದು, ಬಸುರಿಯಾದ ಭೂಮಿತಾಯಿಗೆ ಬಯಕೆಯ ಅಡುಗೆಯನ್ನು ಗದ್ದೆಗೆ ಒಯ್ಯುವುದು ಭೂಮಣ್ಣಿ ಬುಟ್ಟಿಯಲ್ಲಿ. ಆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಬಿಳಿಯ ಗೆರೆಗಳಿಂದ ಚಿತ್ತಾರ ಬರೆಯುತ್ತಾರೆ. ಬುಟ್ಟಿಯ ಮೇಲೆ ಬಂದ ಚಿತ್ತಾರಕ್ಕೆ ರಟ್ಟಿನ ಮೇಲೆ ಬರಲು ಅಡ್ಡಿಯಿಲ್ಲ. ಸಸಿಮಡಿಯೇ ಗದ್ದೆಯಲ್ಲ, ನಿಜ. ಆದರೆ ಸಸಿಮಡಿ ಇಲ್ಲದೆ ನಾಟಿಯೂ ಇಲ್ಲ. ಅಂಗೈಯಗಲದ ರಟ್ಟಿನಲ್ಲಿ ಗೆರೆ ಎಳೆಯಲು ಕಲಿತ ಹುಡುಗಿಯೋ ಹುಡುಗನೋ ಮುಂದೆ ಒಂದು ಗೋಡೆಯನ್ನು ಬರೆಯಬಹುದು.

ಮಾಡುವ ಕ್ರಮ

ಕಟ್ಟಿನ ಹೊರಮೈಗೆ ಅಕ್ಕಿಹಿಟ್ಟಿನ ಬಣ್ಣ ಹಚ್ಚಿದರೆ ಕೈ ತಾಗಿ ಉದುರುತ್ತದೆ, ಜಿರಳೆ ತಿನ್ನುತ್ತದೆ. ಆದುದರಿಂದ ಗಾಜಿನ ಒಳಗಡೆ, ಚಿತ್ರದ ಸುತ್ತ ಇಡುವ ರಟ್ಟಿನ ಅಂಚಿನ ಮೇಲೆ ಬರೆಯುವುದು ಸೂಕ್ತ. 10 × 8 ಅಂಗುಲದ ಸಾದಾ ಕಟ್ಟಿಗೆ ಅದೇ ಅಳತೆಯ ದಪ್ಪ ರಟ್ಟನ್ನು ಕತ್ತರಿಸಬೇಕು. 6 × 4 ಅಂಗುಲದ ಫೋಟೋ ಇಡುವುದಾದರೆ ನಡುವಿನ ಕಿಂಡಿ ಎರಡೂ ಕಡೆ ಕಾಲು ಅಂಗುಲ ಚಿಕ್ಕದಾಗಿರಬೇಕು. ಆಗ ಫೋಟೋ ಹಿಂದಿನಿಂದ ಸರಿಯಾಗಿ ಕೂರುತ್ತದೆ. ನಾಲ್ಕೂ ಬದಿಗೆ ಎರಡು ಅಂಗುಲಕ್ಕಿಂತ ತುಸು ಹೆಚ್ಚು ಅಗಲದ ಅಂಚು ಉಳಿಯುತ್ತದೆ. ಚಿತ್ತಾರಕ್ಕೆ ಅಷ್ಟು ಜಾಗ ಧಾರಾಳ.

ಒಂದು ಬೊಗಸೆ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕಿಳಿದ ನುಣುಪು ಮಣ್ಣಿಗೆ ಸ್ವಲ್ಪ ಗೋಂದು ಬೆರೆಸಬೇಕು. ಅದನ್ನು ರಟ್ಟಿನ ಎರಡೂ ಬದಿಗೆ ತೆಳುವಾಗಿ ಬಳಿಯಬೇಕು. ಒಂದೇ ಬದಿಗೆ ಬಳಿದರೆ ರಟ್ಟು ಡೊಂಕಾಗುತ್ತದೆ. ಒಣಗಿದ ಮೇಲೆ ಎರಡನೆಯ ಸಲ ಬಳಿದು, ಭಾರದ ಕೆಳಗೆ ಇಡಬೇಕು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು, ಗಟ್ಟಿ ಹಾಲಿನ ಹದಕ್ಕೆ ತಂದು, ಅದಕ್ಕೂ ಒಂದೆರಡು ಹನಿ ಗೋಂದು ಸೇರಿಸಬೇಕು. ಪುಂಡಿನಾರಿನ ತುದಿಯನ್ನು ಜಜ್ಜಿ ಕುಂಚ ಮಾಡಿಕೊಂಡು, ಮೊದಲು ಉದ್ದನೆಯ ಗೆರೆಗಳನ್ನೂ ಆಮೇಲೆ ಅಡ್ಡ ಗೆರೆಗಳನ್ನೂ ಎಳೆಯಬೇಕು. ಅಳತೆಪಟ್ಟಿಯ ಹಂಗು ಬೇಡ. ಗೆರೆ ತುಸು ನಡುಗಿದರೆ ಅದು ಕೈಯಿಂದ ಆದದ್ದೆಂದು ತಿಳಿಯುತ್ತದೆ.

ಇನ್ನು ಮಳೆಗಾಲದ ಎಚ್ಚರ. ಫೋಟೋ ಗಾಜಿಗೆ ನೇರವಾಗಿ ತಾಗಿದರೆ ತೇವಕ್ಕೆ ಅಂಟಿಕೊಂಡು, ಬಿಡಿಸುವಾಗ ಚರ್ಮ ಕಿತ್ತಂತೆ ಏಳುತ್ತದೆ. ನಡುವಿನ ರಟ್ಟು ಅದನ್ನೂ ತಪ್ಪಿಸುತ್ತದೆ. ಕಟ್ಟಿನ ಹಿಂಬದಿಗೆ ಕಾಗದ ಅಂಟಿಸಿ ಸಂದು ಮುಚ್ಚಬೇಕು. ಕೆಳಗಿನ ಎರಡು ಮೂಲೆಗಳಿಗೆ ಚಿಕ್ಕ ಮರದ ಚೂರುಗಳನ್ನು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಯಲ್ಲಿ ಬಣ್ಣದ ಫೋಟೋ ಬೇಗ ಮಾಸುತ್ತದೆ ಎಂಬುದನ್ನು ಪಡೆದವರಿಗೂ ಹೇಳಬೇಕು.

ಕಟ್ಟಿನ ಬೆನ್ನಿಗೆ ನಾಲ್ಕು ಸಾಲು

ಕೊನೆಯ ಕೆಲಸವೇ ಮುಖ್ಯವಾದದ್ದು. ಸಾಮಾನ್ಯವಾಗಿ ಯಾರೂ ಮಾಡದಿರುವುದೂ ಅದನ್ನೇ. ಕಟ್ಟಿನ ಬೆನ್ನಿಗೆ ಅಂಟಿಸಿದ ಕಾಗದದ ಮೇಲೆ ನಾಲ್ಕು ಸಾಲು ಬರೆಯಬೇಕು. ಚಿತ್ರದಲ್ಲಿರುವವರು ಯಾರು, ತೆಗೆದದ್ದು ಎಲ್ಲಿ ಮತ್ತು ಯಾವ ವರ್ಷ, ಅಲಂಕರಿಸಿದವರು ಯಾರು, ಆ ಚಿತ್ತಾರವನ್ನು ಅವರಿಗೆ ಕಲಿಸಿದವರು ಯಾರು, ಬಳಸಿದ ಮಣ್ಣು, ಹಾಳೆ, ಕಡ್ಡಿ ಎಲ್ಲಿಯವು. ಗೋಡೆಯ ಚಿತ್ತಾರಕ್ಕೆ ಸಹಿ ಬೇಕಿರಲಿಲ್ಲ. ಬರೆದ ಹೆಂಗಸು ಯಾರೆಂಬುದು ಊರಿಗೇ ಗೊತ್ತಿತ್ತು. ಕಟ್ಟು ಊರು ಬಿಟ್ಟು ಹೋಗುವ ವಸ್ತು. ಅದರೊಡನೆ ಹೆಸರು ಹೋಗದಿದ್ದರೆ ಕಲೆ ಯಾರದ್ದೋ ಆಗುತ್ತದೆ, ಕಲಿಸಿದ ತಾಯಿ ಅನಾಮಿಕಳಾಗುತ್ತಾಳೆ. ಬೇರೆ ಸಮುದಾಯದ ಮಕ್ಕಳೂ ಇದನ್ನು ಕಲಿಯಲಿ. ಆದರೆ ಬಲ್ಲವರ ಮನೆಗೆ ಹೋಗಿ, ಯಾವ ಚಿತ್ತಾರ ಯಾವ ಸಂದರ್ಭದ್ದೆಂದು ಕೇಳಿ ಕಲಿಯಲಿ. ಮದುವೆಯ ಹಸೆಯನ್ನು ಶಿಕ್ಷಕರ ಬೀಳ್ಕೊಡುಗೆಗೆ ಬರೆಯುವುದಕ್ಕಿಂತ ಬತ್ತದ ಸಸಿಯ ಸಾಲು ಒಪ್ಪುತ್ತದೆ.

ಕಟ್ಟಿನೊಳಗೆ ಏನಿರಬೇಕೆಂಬುದನ್ನೂ ಯೋಚಿಸಬೇಕು. ಮುಖಗಳಷ್ಟೇ ಅಲ್ಲ, ಊರಿನ ಹಳೆಯ ಹಲಸಿನ ಮರ, ಬೇಸಿಗೆಯಲ್ಲೂ ಬತ್ತದ ಒರತೆ, ಹಳೆಯ ಕಾಲುಸಂಕ ಇವುಗಳ ಚಿತ್ರಕ್ಕೂ ಕಟ್ಟು ಸಲ್ಲುತ್ತದೆ. ಇಂದು ಫೋಟೋಗಳೆಲ್ಲ ಮೊಬೈಲಿನೊಳಗೆ ಉಳಿದು, ಮೊಬೈಲು ಕೆಟ್ಟ ದಿನ ಅಳಿದುಹೋಗುತ್ತಿವೆ. ಒಂದನ್ನು ಕಾಗದಕ್ಕೆ ತಂದು, ಬೆನ್ನಿಗೆ ವರ್ಷ ಬರೆದು ಇಟ್ಟರೆ, ಮುಂದೊಂದು ದಿನ ಅದೇ ಊರಿನ ದಾಖಲೆಯಾಗುತ್ತದೆ. ಒರತೆ ಇತ್ತೋ ಇಲ್ಲವೋ ಎಂಬ ವಾದ ಹುಟ್ಟಿದಾಗ ಜಗಲಿಯ ಗೋಡೆಯೇ ಸಾಕ್ಷಿ ಹೇಳಬಲ್ಲದು.

ಮುಂದಿನ ಮಳೆಗಾಲಕ್ಕೆ ಇನ್ನೂ ಸಮಯವಿದೆ. ಹಾಳೆ ಒಣಗಿಸಲು, ಕೆಮ್ಮಣ್ಣು ಸೋಸಲು ಇದೇ ತಕ್ಕ ಕಾಲ. ಪ್ರತಿ ಶಾಲೆಯ ಬೀಳ್ಕೊಡುಗೆಯಲ್ಲಿ, ಪ್ರತಿ ಸಂಘದ ಸನ್ಮಾನದಲ್ಲಿ ಕೊಂಡು ತಂದ ಒಂದು ಸ್ಮರಣಿಕೆಯ ಬದಲು ಇಂತಹ ಒಂದು ಕಟ್ಟನ್ನು ಕೊಡುವಂತಾಗಲಿ. ಅದಕ್ಕೆ ಮುನ್ನ ಊರಿನಲ್ಲಿ ಚಿತ್ತಾರ ಬಲ್ಲ ಅಜ್ಜಿ ಯಾರಿದ್ದಾರೆಂದು ವಿದ್ಯಾರ್ಥಿಗಳು ವಿಚಾರಿಸಿಕೊಂಡು ಹೋಗಲಿ, ಕಲಿಯಲಿ. ಅವರು ಮಾಡುವ ಮೊದಲ ಕಟ್ಟು ಆ ಅಜ್ಜಿಗೇ ಸಲ್ಲಲಿ.